ಒಂಬತ್ತು ಹಾಡಿನ ವಿಮರ್ಶೆ

ಬೆಳಗ್ಗೆ ಸೋಫಾದ ಮೇಲೆ ಅಡ್ಡಾಗುವಾಗ ವಿಮರ್ಶಕರ ಹೆಬ್ಬೆರಳು ಫೋನಿನ ಮೇಲೆ ಎಲ್ಲೋ ತಾಗಿತು. ಅವರು ಗಮನಿಸಲಿಲ್ಲ.

ಪತ್ರಿಕೆಗಾಗಿ ವರ್ಷಗಟ್ಟಲೆ ಸಂಗೀತ ಕೇಳಿ ಕೇಳಿ ಅವರಿಗೀಗ ಬಾಗಿಲ ಗಂಟೆ ಬಾರಿಸಿದರೂ ಸುಸ್ತಾಗುತ್ತಿತ್ತು. ಪತ್ರಿಕೆಯಲ್ಲಿ ಚದುರಂಗದ ಅಂಕಣ ಬರೆಯುವವರ ಜಾಗ ಖಾಲಿಯಾಗಿತ್ತು. "ಇದೊಂದು ವಿಮರ್ಶೆ ತಕರಾರಿಲ್ದೆ ಮುಗಿಸ್ರೀ, ಚದುರಂಗ ನಿಮಗೇ," ಎಂದಿದ್ದರು ಸಂಪಾದಕರು. ಸದ್ದಿಲ್ಲದ ಆಟ! ನೆನೆದರೇ ವಿಮರ್ಶಕರ ಕಣ್ಣು ತುಂಬುತ್ತಿತ್ತು.

ಕೇಳಬೇಕಿದ್ದದ್ದು ಒಂದು ಜ್ಯಾಮ್ ಬ್ಯಾಂಡಿನ ಹೊಸ ಆಲ್ಬಮ್, ಒಂಬತ್ತು ಹಾಡು. ವೇದಿಕೆ ಹತ್ತಿದರೆ ತೋಚಿದ್ದನ್ನು ನುಡಿಸುತ್ತಲೇ ಹೋಗುವ ತಂಡವದು. ಒಂದು ಹಾಡು ಎರಡು ಸಲ ಒಂದೇ ಥರ ಬಂದರೆ ಅವರಿಗೆ ಅವಮಾನ. ವಿಮರ್ಶಕರು ಮಧ್ಯಾಹ್ನದವರೆಗೆ ಅರೆನಿದ್ದೆಯಲ್ಲಿ ಕೇಳಿದರು. ಎದ್ದು ಮುಖ ತೊಳೆದು, 'ಒಂಬತ್ತು ಹಾಡೂ ಒಂದೇ, ಹೆಸರು ಮಾತ್ರ ಬೇರೆ' ಎಂದು ಬರೆದು ಕಳಿಸಿದರು. ಪತ್ರಿಕೆಯ ಜಾಲತಾಣದಲ್ಲಿ ಆಗಲೇ ಪ್ರಕಟವೂ ಆಯಿತು.

ಅಭಿಮಾನಿಗಳು ಕೆಂಡಾಮಂಡಲವಾದರು. 'ಮೂರನೇ ಹಾಡು ಕಡಲು, ಏಳನೇದು ಕಾಡು. ಎರಡೂ ಒಂದೇನಾ? ಇವರ ಕಿವೀಲಿ ಹತ್ತಿ ಇದೆಯಾ?' ಎಂದು ಒಬ್ಬ ಬರೆದ. ಕೆಳಮನೆಯ ದಂತವೈದ್ಯರು ಮೆಟ್ಟಿಲ ಬಳಿಯೇ ಅಡ್ಡಹಾಕಿದರು. "ಐದನೇ ಹಾಡು ಹಾಕಿದ್ರೆ ನನ್ನ ಪೇಷಂಟ್‌ಗಳು ಅಳೋದನ್ನೇ ಮರೀತಾರೆ ಕಣ್ರೀ! ಅದನ್ನ ಹೀಗನ್ನೋದಾ?"

ಅಷ್ಟರಲ್ಲಿ ಭಾಮೈದ ಓಡಿಬಂದ. ಅವನೂ ಆ ತಂಡದ ಭಕ್ತನೇ.

"ಭಾವ, ಎಲ್ಲಿ, ಫೋನ್ ಕೊಡಿ." ನೋಡಿದವನೇ ತಲೆ ಚಚ್ಚಿಕೊಂಡ. "ಒಂದೇ ಹಾಡು ತಿರುತಿರುಗಿ ಬರೋ ಹಾಗೆ ಒತ್ತಿಬಿಟ್ಟಿದ್ದೀರಲ್ಲ! ಬೆಳಗ್ಗಿಂದ ನೀವು ಕೇಳಿದ್ದು ಬರೀ ಮೊದಲನೇ ಹಾಡು!"

ವಿಮರ್ಶಕರು ಫೋನ್ ಕಿತ್ತುಕೊಂಡು ತಾವೇ ನೋಡಿದರು.

"ಮೊದ್ಲು ಹೋಗಿ ಸಂಪಾದಕರ ಹತ್ರ ತಪ್ಪೊಪ್ಕೊಳ್ಳಿ," ಎಂದರು ಹೆಂಡತಿ. "ಚದುರಂಗ ಹಾಳಾಗ್ಲಿ, ಕೆಲಸ ಉಳೀಲಿ."

ಕಾಲೆಳೆದುಕೊಂಡು ಕಚೇರಿಗೆ ಹೋದರೆ ಸಂಪಾದಕರೆದುರು ತಂಡದ ಗಿಟಾರಿನವನೇ ಕೂತಿದ್ದ. ವಿಮರ್ಶಕರನ್ನು ಕಂಡವನೇ ಎದ್ದು ಅವರ ಎರಡೂ ಕೈ ಹಿಡಿದುಕೊಂಡ.

"ಸಿಕ್ಕಿಬಿದ್ವಿ ಸರ್. ಸ್ಟುಡಿಯೋದಲ್ಲಿ ಅವತ್ತು ನಮಗೆ ಏನೂ ಹೊಳೀಲಿಲ್ಲ. ಒಂದೇ ಹಾಡನ್ನ ಒಂಬತ್ತು ಸಲ ಹಾಕಿ ಬೇರೆ ಬೇರೆ ಹೆಸರಿಟ್ವಿ. ಜನ ಕಡಲು ಅಂದ್ರು, ಕಾಡು ಅಂದ್ರು. ಕಿವಿಗೊಟ್ಟು ಕೇಳಿದೋರು ನೀವೊಬ್ರೇ. ಈಗಷ್ಟೇ ಎಲ್ಲರೆದುರು ಒಪ್ಕೊಂಡ್ವಿ."

ಸಂಪಾದಕರು ಹಿಗ್ಗಿ ಹೀರೇಕಾಯಿಯಾಗಿದ್ದರು. "ಇಂಥಾ ಕಿವೀನ ಚದುರಂಗಕ್ಕೆ ಹಾಕೋಕಾಗುತ್ತೇನ್ರೀ? ತಪ್ಪು ತಿದ್ಕೊಳ್ಳೋಕೆ ಇವರು ಮೂರು ದಿನ ಎಡೆಬಿಡದೆ ನುಡಿಸ್ತಾರಂತೆ. ಒಂದು ತುಣುಕೂ ಮತ್ತೆ ಬರೋ ಹಾಗಿಲ್ಲ. ಬಂದ್ರೆ ಹಿಡಿಯೋರು ನೀವು. ಮೊದಲನೇ ಸಾಲು, ಸ್ಪೀಕರ್ ಪಕ್ಕಾನೇ!"

ವಿಮರ್ಶಕರಿಗೆ ಅಳುವೇ ಬಂತು. "ಸಾರ್, ದಯವಿಟ್ಟು ನಂಬಿ. ನಾನು ಆಲ್ಬಮ್ ಕೇಳೇ ಇಲ್ಲ. ಕೇಳಿದ್ದು ಒಂದೇ ಹಾಡು, ಅದನ್ನೇ ಮತ್ತೆ ಮತ್ತೆ!"

"ನಾವು ನುಡಿಸಿದ್ದೂ ಅಷ್ಟೇ ಸರ್," ಎಂದು ಗಿಟಾರಿನವನು ಕಣ್ಣೊರೆಸಿಕೊಂಡ.