ನನ್ನ ಕುರ್ಚಿಗೆ ಮೂರು ಕೊಟೇಶನ್

ನಮ್ಮ ಆಸ್ಪತ್ರೆಯ ನೌಕರರ ವೃತ್ತಿ ವಿಕಾಸದ ಹೊಣೆ ಹೊತ್ತಿರುವ ಅಧಿಕಾರಿಗಳ ಸನ್ನಿಧಿಗೆ, ಖರೀದಿ ವಿಭಾಗದಿಂದ

ಮಾನ್ಯರೇ,

ವೃತ್ತಿ ತಾನಾಗಿ ಬೆಳೆಯುವುದಿಲ್ಲ, ಯೋಜನೆ ಹಾಕಿ ಬೆಳೆಸಬೇಕು ಎಂದೋ, ಯೋಜನೆ ಹಾಕಿದವರ ವೃತ್ತಿ ಮಾತ್ರ ಬೆಳೆಯುತ್ತದೆ ಎಂದೋ ತಾವು ನೌಕರರಿಗೆಂದು ನಡೆಸಿದ ತರಬೇತಿಯಲ್ಲಿ ಹೇಳಿದಿರಿ. ಊಟವಾದ ಮೇಲಿನ ಹೊತ್ತಾದ್ದರಿಂದ ಮಾತು ಸರಿಯಾಗಿ ನೆನಪಿಲ್ಲ, ಆದರೆ ತಾವು ಪರದೆಯ ಮೇಲೆ ಮೂಡಿಸಿದ ಏಣಿ ಕಣ್ಣಿಗೆ ಕಟ್ಟಿದಂತಿದೆ. ಅದರ ಕೆಳಗಿನ ಮೆಟ್ಟಿಲಲ್ಲಿ ಖರೀದಿ ಸಹಾಯಕಿ, ತುದಿಯಲ್ಲಿ ಖರೀದಿ ಮುಖ್ಯಸ್ಥೆ. ಅಂಥ ಏಣಿಯನ್ನು ನನ್ನಂಥವಳಿಗೂ ತೋರಿಸಿದ ತಮ್ಮ ಔದಾರ್ಯಕ್ಕೆ ಮೊದಲು ತಲೆಬಾಗಿ ವಂದಿಸಿ, ಆಮೇಲೆ ಈ ಅರಿಕೆ.

ತಮ್ಮನ್ನು ನಂಬಿ ಹತ್ತಿದೆ. ಸಂಜೆಯ ತರಗತಿಗೆ ಹೋಗಿ ಕರಾರುಗಳ ಕಾನೂನು ಕಲಿತೆ, ಹುಬ್ಬು ಗಂಟಿಕ್ಕದೆ ಚೌಕಾಶಿ ಮಾಡುವುದನ್ನು ಕನ್ನಡಿಯ ಮುಂದೆ ನಿಂತು ರೂಢಿಸಿಕೊಂಡೆ. ನಮ್ಮ ಕೆಲಸ ಚೆನ್ನಾಗಿ ನಡೆದಾಗ ಯಾರಿಗೂ ಕಾಣುವುದಿಲ್ಲ. ಹತ್ತಿ, ಸೂಜಿ, ಕೈಗವಸು ಇರಬೇಕಾದಲ್ಲಿ ಇರುತ್ತವೆ, ಅಷ್ಟೆ. ಹೀಗಿರುವಾಗ ಮುಖ್ಯಸ್ಥರು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ನಾನೊಬ್ಬಳೇ ಅರ್ಜಿ ಹಾಕಿದ್ದನ್ನೂ, ಅದಕ್ಕೆ ಯಾರೂ ಹುಬ್ಬೇರಿಸದಿದ್ದುದನ್ನೂ ದೊಡ್ಡ ಮನ್ನಣೆಯೆಂದೇ ತಿಳಿದಿದ್ದೆ.

ಆಗ ತಾವು ಕಡತದ ಮೇಲೆ ಷರಾ ಬರೆದಿರಿ: ಒಂದೇ ಅರ್ಜಿ ಬಂದಿರುವುದರಿಂದ ಹೋಲಿಸಿ ನೋಡುವಂತಿಲ್ಲ, ನಿಯಮದಂತೆ ಮೂರು ಬೇಕು, ಇನ್ನೆರಡು ತರಿಸಿ. ಹಾಸಿಗೆ ಬಟ್ಟೆ ಕೊಳ್ಳುವಾಗ ಮೂರು ಕೊಟೇಶನ್ ತರಿಸುವ ನಿಯಮವನ್ನು ಮನುಷ್ಯರಿಗೂ ವಿಸ್ತರಿಸಿದ ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಕೊಟೇಶನ್ ತರಿಸುವುದು ಖರೀದಿ ವಿಭಾಗದ ಕೆಲಸವಾದ್ದರಿಂದಲೂ, ವಿಭಾಗದಲ್ಲಿ ಉಳಿದವಳು ನಾನೊಬ್ಬಳೇ ಆದ್ದರಿಂದಲೂ, ಕಡತ ನೇರ ನನ್ನ ಮೇಜಿಗೇ ಬಂತು.

ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಲೆಕ್ಕಕ್ಕೆ ಎರಡು ಹೆಸರು ಹಾಕಿ ಕಳಿಸಿಬಿಡಿ ಎಂದು ಉಗ್ರಾಣದವರು ಬಾಗಿಲಿಗೊರಗಿ ಬುದ್ಧಿ ಹೇಳಿದರು. ಲೆಕ್ಕಕ್ಕೆಂದು ಬಂದ ಕೊಟೇಶನ್ನುಗಳನ್ನು ಇಷ್ಟು ವರ್ಷ ಹಿಂದಕ್ಕೆ ಕಳಿಸುತ್ತ ಬಂದವಳಿಗೆ ಅದಕ್ಕೆ ಕೈ ಬರಲಿಲ್ಲ. ಹುಡುಕಿದೆ. ಮೊದಲು ಸಿಕ್ಕವರು ಬಲು ದುಬಾರಿ. ಇನ್ನೊಬ್ಬರು ಬೇರೊಂದು ಆಸ್ಪತ್ರೆಯ ಖರೀದಿ ಅಧಿಕಾರಿ, ಕೆಲಸ ಬಲ್ಲವರು, ನಗುಮುಖದವರು. ಅವರು ಕೇಳಿದ ಸಂಬಳವೂ ನಾನು ಕೇಳಿದ್ದಕ್ಕಿಂತ ಹೆಚ್ಚೇ ಇತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊದಲು ಹೇಳಿದ ದರಕ್ಕೆ ತಲೆಯಾಡಿಸಿ ಎದ್ದುಬರುವುದು ನಮ್ಮ ಕಸುಬಿನಲ್ಲಿಲ್ಲ. ಟೀ ಆರುವುದರೊಳಗೆ ಅವರ ದರ ಇಳಿಸಿದೆ. ತಕ್ಷಣ ಸೇರಬೇಕು, ಓಡಾಟದ ಭತ್ಯೆ ಕೇಳಬಾರದು ಎಂಬುದಕ್ಕೂ ಒಪ್ಪಿಸಿದೆ. ಬಸ್ಸಿಗೆ ಕಾಯುತ್ತ ನಿಂತಾಗ ಮನಸ್ಸು ಹಗುರಾಗಿತ್ತು, ಕೆಲಸ ಚೆನ್ನಾಗಿ ಆಯಿತೆಂಬ ಸಂತೋಷ. ಅದು ಯಾರ ಪರವಾಗಿ ಪಟ್ಟ ಸಂತೋಷ ಎಂದು ಯೋಚಿಸಿದ್ದು ಬಸ್ಸು ಹತ್ತಿ ಕೂತ ಮೇಲೆ.

ತಾವು ನಿಯಮದಂತೆ ಅತಿ ಕಡಿಮೆ ದರದವರನ್ನೇ, ಅಂದರೆ ನನಗಿಂತ ಕೆಳಕ್ಕೆ ನಾನೇ ಇಳಿಸಿ ತಂದವರನ್ನೇ, ಆರಿಸಿದಿರಿ. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ನನ್ನ ಅಕ್ಕ, "ಅಲ್ಲ ಕಣೇ, ನೀನು ಕೂರೋ ಕುರ್ಚಿಗೆ ನೀನೇ ಗಿರಾಕಿ ಹುಡುಕ್ಕೊಂಡು ಬಂದ್ಯಾ?" ಅಂದಳು. ಹೊಸ ಮುಖ್ಯಸ್ಥರು ಒಳ್ಳೆಯವರು, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ನನ್ನ ಆಯ್ಕೆ ಎಂದೂ ಕಳಪೆಯಾಗಿರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ಬೇಡಿಕೆ. ನನ್ನನ್ನು ನೇಮಿಸದೆ ಇದ್ದುದರಿಂದ ಆಸ್ಪತ್ರೆಗಾದ ಉಳಿತಾಯವನ್ನು ನನ್ನ ಸೇವಾ ಪುಸ್ತಕದಲ್ಲಿ ಸಾಧನೆಯೆಂದು ನಮೂದಿಸಬೇಕು. ಎರಡನೆಯದಾಗಿ, ತಿರಸ್ಕೃತವಾದ ಸಾಮಾನನ್ನು ಸರಬರಾಜು ಮಾಡಿದವರೇ ತಮ್ಮ ಖರ್ಚಿನಲ್ಲಿ ವಾಪಸು ಒಯ್ಯಬೇಕೆಂಬ ಷರತ್ತು ನನಗೂ ಅನ್ವಯಿಸುತ್ತದೆ. ಆದರೆ ನನ್ನನ್ನು ಸರಬರಾಜು ಮಾಡಿದ ಅಪ್ಪ ಅಮ್ಮ ಈಗಿಲ್ಲವಾದ್ದರಿಂದ, ನಿವೃತ್ತಿಯವರೆಗೆ ನನ್ನನ್ನು ತಂಪಾದ, ತೇವವಿಲ್ಲದ ಜಾಗದಲ್ಲಿ ಇರಿಸಲು ಅಪ್ಪಣೆ ಕೊಡಿಸಬೇಕು.

ದರದಲ್ಲಿ ಸೋತರೂ ನಿಯಮದಲ್ಲಿ ನಂಬಿಕೆ ಕಳೆದುಕೊಳ್ಳದ
ತಮ್ಮ ವಿಶ್ವಾಸಿ,
ಖರೀದಿ ಸಹಾಯಕಿ

ಮರೆತ ಮಾತು: ತಮ್ಮ ನೇಮಕದ ಕರಾರು ಈ ವರ್ಷಕ್ಕೆ ಮುಗಿಯುವುದಂತೆ, ಅದನ್ನು ಮುಂದುವರಿಸುವ ಕಡತ ಮೊನ್ನೆಯೇ ನನ್ನ ಮೇಜಿಗೆ ಬಂದಿದೆ. ನಿಯಮದಂತೆ ಬೇಕಾದ ಇನ್ನಿಬ್ಬರು ಆಗಲೇ ಸಿಕ್ಕಿದ್ದಾರೆ, ಕೂತು ಟೀ ಕುಡಿದು ಮಾತಾಡಿಯೂ ಆಯಿತು. ತಾವು ಎಷ್ಟಕ್ಕೆ ಇಳಿಯುತ್ತೀರಿ?