ಕೊನೆಯ ಚಮಚ ನೀರು

ಸಾಕ್ಷಿಯಿಲ್ಲದೆ ಯಾವುದನ್ನೂ ನಂಬಬಾರದು ಎಂಬುದನ್ನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಕಲಿತೆ. ಅದರಿಂದ ಸಂಸಾರಕ್ಕೆ ಯಾವ ಉಪಯೋಗವೂ ಆಗಿಲ್ಲ. ತರಕಾರಿಯವನ ತಕ್ಕಡಿಯನ್ನು ನಂಬುವುದಿಲ್ಲ, ಹವಾಮಾನ ವರದಿಯನ್ನು ನಂಬುವುದಿಲ್ಲ, ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಬೆರಳು ಅದ್ದಿ ನೋಡಿ ಬೈಸಿಕೊಳ್ಳುತ್ತೇನೆ. ತಪಾಸಣೆಯಿಲ್ಲದೆ ನಾನು ನಂಬಿಕೊಂಡು ಬಂದದ್ದು ನನ್ನ ನೆನಪನ್ನು ಮಾತ್ರ. ಈಗ ಅದೂ ಕೈಕೊಡತೊಡಗಿದೆ. ಎದುರು ಮನೆಯವರ ಹೆಸರು ಬಾಯಿಗೆ ಬರದೆ, ಅವರು ಕಂಡಾಗಲೆಲ್ಲ "ಏನ್ರಿ, ಆರಾಮ?" ಎಂದು ನಕ್ಕು ಪಾರಾಗುತ್ತೇನೆ. ಹೆಸರು ಹೋದರೆ ಹೋಗಲಿ. ನನಗೆ ಹೆದರಿಕೆಯಿದ್ದದ್ದು ಬೇರೊಂದು ನೆನಪಿನ ಬಗ್ಗೆ.

ಅಪ್ಪ ತೀರಿಕೊಂಡ ಮಧ್ಯಾಹ್ನ ಅವರ ಬಾಯಿಗೆ ಕೊನೆಯ ಚಮಚ ನೀರು ಬಿಟ್ಟವನು ನಾನು. ಈ ನೀರಿನಿಂದ ಯಾರಿಗೂ ಸದ್ಗತಿ ಸಿಗುವುದಿಲ್ಲ ಎಂದು ನಾಲ್ಕು ಜನರ ಮುಂದೆ ವಾದಿಸಬಲ್ಲೆ. ಆದರೆ ಆ ಚಮಚವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಾರೆ. ತೊಂದರೆಯೆಂದರೆ ಧಾರವಾಡದಲ್ಲಿರುವ ನನ್ನ ಅಕ್ಕ ಶಾಂತಾ ಕೂಡ ಅದೇ ಚಮಚವನ್ನು ತಾನೇ ಹಿಡಿದಿದ್ದೆ ಎನ್ನುತ್ತಾಳೆ. ಮದುವೆ, ಮುಂಜಿ, ಶ್ರಾದ್ಧ, ಎಲ್ಲಿ ಸೇರಿದರೂ ಊಟದ ನಂತರ ಈ ಜಗಳ ನಮ್ಮ ಮನೆಯವರಿಗೆ ಎಲೆ-ಅಡಿಕೆಯ ಜೊತೆ ಸಿಗುತ್ತದೆ.

ಹೀಗಿರುವಾಗ ಹುಬ್ಬಳ್ಳಿಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮೆದುಳಿನ ಬಗ್ಗೆ ಸಾರ್ವಜನಿಕರಿಗೆ ತಿಳಿಹೇಳುವ ಕಾರ್ಯಕ್ರಮವೊಂದು ನಡೆಯಿತು. ಅಕ್ಕ ಆ ದಿನ ನಮ್ಮಲ್ಲಿಗೆ ಬಂದಿದ್ದಳು. "ನಡಿ ಹೋಗೂಣು. ನಿನ್ನ ತಲಿಯೊಳಗ ಏನರ ಐತೋ ಇಲ್ಲೋ, ಅವರ ಹೇಳಲಿ" ಎಂದು ಚಪ್ಪಲಿ ಮೆಟ್ಟಿದಳು.

ಭವನದಲ್ಲಿ ಮೊನ್ನೆ ಯಾರದೋ ಮದುವೆಗೆ ಕಟ್ಟಿದ ಬಣ್ಣದ ಕಾಗದ ಇನ್ನೂ ಜೋತಾಡುತ್ತಿತ್ತು. ಅದರ ಕೆಳಗೆ ಗಾಜಿನ ಜಾಡಿಯಲ್ಲಿ ನಿಜವಾದ ಮನುಷ್ಯನ ಮೆದುಳು. ಬೂದು ಬಣ್ಣಕ್ಕೆ ತಿರುಗಿ, ಬಹಳ ದಿನ ನೀರಿನಲ್ಲಿ ಮರೆತ ಹೂಕೋಸಿನಂತೆ ಕಾಣುತ್ತಿತ್ತು. ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಅದಕ್ಕೆ ಕೈಮುಗಿದಳು.

"ಯಾರದವ್ವಾ ಇದು?"

"ಹೆಸರು ಗೊತ್ತಿಲ್ರೀ ಅಜ್ಜಿ" ಎಂದಳು ಪಕ್ಕದಲ್ಲಿದ್ದ ಎಳೆಯ ವಯಸ್ಸಿನ ಡಾಕ್ಟರಮ್ಮ.

"ಅದಕ್ಕರ ಗೊತ್ತಿತ್ತಲ್ಲ, ಪಾಪ."

ಅಲ್ಲಿ ನಿಲ್ಲಲಾಗದೆ ನಾನು ಕಿಟಕಿಯ ಬಳಿ ಹೋದೆ. ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ, ಹಾಸಿಗೆ, ದಿಂಬು, ಆಕಳಿಕೆ, ಕನಸು, ಗೊರಕೆ, ಚಾದರ ಎಂದು ಸಾವಕಾಶವಾಗಿ ಒಂದಷ್ಟು ಪದ ಓದಿದಳು. ಆಮೇಲೆ ಬೇರೆ ಏನೇನೋ ಮಾತಾಡಿ, "ನಿದ್ದೆ ಅನ್ನೂ ಪದ ಕೇಳಿದವರು ಕೈ ಎತ್ರಿ" ಎಂದಳು. ಮುಕ್ಕಾಲು ಭವನ ಕೈಯೆತ್ತಿತು. ನಾನು ಎರಡೂ ಕೈ ಎತ್ತಿದೆ. "ಆ ಪದ ಓದೇ ಇಲ್ರೀ" ಎಂದಳು. ನಾನು ಜಗಳಕ್ಕೇ ನಿಂತೆ: ಗೊರಕೆ ಆದಮೇಲೆ ಓದಿದಿರಿ, ಆಗ ನಿಮಗೆ ಸ್ವಲ್ಪ ಕೆಮ್ಮೂ ಬಂತು! ಅವಳು ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿದಳು. ನಿದ್ದೆಯೂ ಇಲ್ಲ, ಕೆಮ್ಮೂ ಇಲ್ಲ. "ತಪ್ಪಲ್ರೀ ಸರ್. ಮೆದುಳು ಫೋಟೋ ತಗಿಯೂದಿಲ್ಲ, ಬಿಟ್ಟ ಜಾಗಾ ತುಂಬತದ. ನಮಗ ಖಾತ್ರಿ ಅನಸೂದಕ್ಕೂ ಅದು ಖರೇ ಇರೂದಕ್ಕೂ ಸಂಬಂಧ ಇಲ್ಲ" ಎಂದಳು, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ.

ಅಕ್ಕ ಹಿಂದಿನಿಂದ ನನ್ನ ಬೆನ್ನಿಗೆ ತಿವಿದಳು. "ಕೇಳಿದೆಲ್ಲಾ? ಇನ್ನ ಅಪ್ಪನ ನೀರಿನ ಮಾತು ಎತ್ತಬ್ಯಾಡ."

"ನಿನಗೂ ಮೆದುಳು ಐತಿ ಅಂದ್ರ, ಆ ಮಾತು ನಿನಗೂ ಅನ್ವಯಿಸತದ."

"ಹಂಗಾರ ಕಾಕಾನ್ನ ಕೇಳೂಣು. ಈಗ, ಇಲ್ಲೇ."

ಅಪ್ಪನ ತಮ್ಮ, ನಮ್ಮ ಕಾಕಾ, ಉಪ್ಪಿನಬೆಟಗೇರಿಯಲ್ಲಿದ್ದಾರೆ. ಅಪ್ಪನ ಕೊನೆಗಳಿಗೆಯಲ್ಲಿ ಅವರ ತಲೆದೆಸೆಗೆ ಕೂತಿದ್ದವರು. ಈ ಜಗಳದಲ್ಲಿ ಅವರನ್ನು ಸಾಕ್ಷಿಗೆ ಕರೆಯಬೇಕೆಂದು ಇಬ್ಬರಿಗೂ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಭವನದ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆವು.

"ಕಾಕಾ, ಖರೇ ಹೇಳ್ರಿ. ಅಪ್ಪಗ ಕಡೀಗೆ ನೀರು ಬಿಟ್ಟವರು ಯಾರು? ನಾನೋ, ತಮ್ಮನೋ?" ಎಂದಳು ಅಕ್ಕ.

ಆ ಕಡೆ ಕಾಕಾ ಬಹಳ ಹೊತ್ತು ಕೆಮ್ಮಿದರು. "ಈಗ್ಯಾಕವಾ ಅದು? ನೀ ಇನ್ನೂ ಧಾರವಾಡದಿಂದ ಬರೂ ಬಸ್ಸಿನ್ಯಾಗ ಇದ್ದಿ. ಅವ ಗುಳಿಗಿ ತರಾಕ ಹೋಗಿದ್ದ. ನೀರು ಯಾರೂ ಬಿಡಲಿಲ್ಲ. ಅಣ್ಣ ಹಲ್ಲು ಕಚ್ಚಿದ್ದ, ಚಮಚ ಒಳಗ ಹೋಗಲಿಲ್ಲ. ಒದ್ದಿ ಬಟ್ಟಿಲೆ ತುಟಿ ಒರಸಿದೆ, ಅಷ್ಟ." ಆಮೇಲೆ, "ನೀರು ನೀರು ಅಂತಿದ್ದ ಮುಂಜಾನಿಂದ" ಎಂದರು.

ಒಳಗೆ ಡಾಕ್ಟರಮ್ಮ ಇನ್ನೊಂದು ಗುಂಪಿಗೆ ಹಾಸಿಗೆ, ದಿಂಬು ಎಂದು ಓದುತ್ತಿದ್ದಳು.

ಆಟೋದಲ್ಲಿ ನಾವಿಬ್ಬರೂ ಎರಡು ಬದಿಯ ರಸ್ತೆ ನೋಡುತ್ತ ಕೂತೆವು. ಮನೆಯ ತಿರುವು ಬಂದಾಗ ಅಕ್ಕ, "ಕಾಕಾಗ ಈಗ ಏನೂ ನೆನಪ ಉಳಿಯೂದಿಲ್ಲ. ಮೊನ್ನಿ ನನ್ನ ಮಗಳ ಹೆಸರು ಕೇಳಿದ್ರು" ಎಂದಳು.

"ಹೌದು. ವಯಸ್ಸಾತು" ಎಂದೆ. ಈ ವಿಷಯದಲ್ಲಿ ನಾವು ಒಂದೇ ಪಕ್ಷದಲ್ಲಿ ನಿಂತದ್ದು ಅದೇ ಮೊದಲು.

"ಒಂದ ಚಮಚ ನೀ ಬಿಟ್ಟಿರಬೇಕು. ಒಂದ ನಾನು" ಎಂದಳು, ನನ್ನ ಕಡೆ ನೋಡದೆ.

ಭೌತಶಾಸ್ತ್ರ ಓದಿದವನು ಕೇಳಬಹುದಾದ ಪ್ರಶ್ನೆಗಳು ಹಲವಿದ್ದವು. ನಾನು ಒಂದನ್ನೂ ಕೇಳಲಿಲ್ಲ. "ಹೌದಕ್ಕಾ" ಎಂದೆ.

ಈಗ ಆ ಮಧ್ಯಾಹ್ನ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದೆ. ನಾನು ಬಿಟ್ಟ ಮೇಲೆ ಚಮಚವನ್ನು ಅಕ್ಕನ ಕೈಗೆ ಕೊಟ್ಟೆ. ಬಗ್ಗಿದಾಗ ಅವಳ ಹಸಿರು ಬಳೆ ಅಪ್ಪನ ಗಲ್ಲಕ್ಕೆ ತಾಗಿತು. ಅಪ್ಪ ಎರಡನ್ನೂ ಕುಡಿದರು. ಅವರ ಗಂಟಲು ಅಲುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.