ಎಲ್ರಾಯ್‌ನ ಎರಡನೆಯ ಕುರ್ಚಿ

ಒಂದೇ ಕುರ್ಚಿ ಒಯ್ದಿದ್ದರೆ ಎಲ್ರಾಯ್ ಗೇನ್ಸ್‌ಗೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಅವನು ಎರಡು ಒಯ್ದ.

ಬೇಸಿಗೆಯ ಗುರುವಾರಗಳಲ್ಲಿ ಚಿಕಾಗೋದ ಸರೋವರದ ದಂಡೆಯ ಪಾರ್ಕಿನಲ್ಲಿ ಪುಕ್ಕಟೆ ಬ್ಯಾಂಡು, ಪುಕ್ಕಟೆ ಕುಣಿತ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ, ಮದುವೆಯ ಗೋಜಿಗೇ ಹೋಗದ ಎಲ್ರಾಯ್ ಒಂದು ವಾರವೂ ತಪ್ಪದೆ ಹೋಗಿ ಕೂತು, ಕಾಲಿನ ಹೆಬ್ಬೆರಳನ್ನು ಮಾತ್ರ ಕುಣಿಸಿ ಬರುತ್ತಿದ್ದ. ಹೋದ ಗುರುವಾರ ಪಕ್ಕದ ಹುಲ್ಲಿನ ಮೇಲೆ ವರ್ನೀತಾ ಎಂಬಾಕೆ ಕೂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಹತ್ತಿಯಂಥ ಬಿಳಿಗೂದಲು, ನಕ್ಕರೆ ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ಸಂಜೆಯಿಡೀ ಹರಟಿದರು. ಹೊರಡುವಾಗ ಅವಳು, "ಕೆಳಗೆ ಕೂತು ಸೊಂಟ ಬಿದ್ದುಹೋಯ್ತು ಎಲ್ರಾಯ್. ಒಂದು ಕುರ್ಚಿ ಅಂತ ಇದ್ದಿದ್ರೆ ಮುಂದಿನ ವಾರಾನೂ ಬರ್ತಿದ್ದೆ" ಎಂದಳು.

ಅಷ್ಟೇ ಸಾಕಾಯಿತು. ಎಲ್ರಾಯ್ ವಾರವಿಡೀ ಕಸಬರಿಕೆಯ ಸೊಂಟ ಹಿಡಿದು ಹೆಜ್ಜೆ ಕಲಿತ. ಇದು ಈ ಬೇಸಿಗೆಯ ಕೊನೆಯ ಗುರುವಾರ. ಇವತ್ತು ಅವಳನ್ನು ಒಂದು ಕುಣಿತಕ್ಕೆ ಕರೆಯದಿದ್ದರೆ ಬರುವ ಜೂನ್‌ವರೆಗೆ ಕಸಬರಿಕೆಯೇ ಗತಿ.

ಮೂರು ಗಂಟೆಗೇ ಹೋಗಿ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಾಕಿದ. ಚಳಿಗಾಲದಲ್ಲಿ ಈ ಊರಿನವರು ಬೀದಿಯಲ್ಲಿ ತಾವು ಹಿಮ ಎತ್ತಿಹಾಕಿ ಮಾಡಿಕೊಂಡ ಜಾಗದಿಂದ ಕಾರು ತೆಗೆಯುವಾಗ, ಜಾಗ ತಮ್ಮದೆನ್ನಲು ಒಂದು ಮುರುಕು ಕುರ್ಚಿ ಇಟ್ಟು ಹೋಗುತ್ತಾರೆ. ಅದನ್ನು ಮುಟ್ಟುವ ಗಂಡು ಆ ಬೀದಿಯಲ್ಲಿ ಹುಟ್ಟಿರುವುದಿಲ್ಲ. ಎಲ್ರಾಯ್ ಅದೇ ಧೈರ್ಯದಲ್ಲಿದ್ದ. ಆದರೆ ಚಳಿಗಾಲದ ನ್ಯಾಯ ಬೇಸಿಗೆಗೆ ನಡೆಯುತ್ತದೆಯೇ?

ಐದಕ್ಕೆ ಭಾರಿ ಆಳೊಬ್ಬ ಬಂದು ಖಾಲಿ ಕುರ್ಚಿಯ ಬೆನ್ನಿಗೆ ಕೈ ಹಾಕಿದ. "ಅಣ್ಣಾ, ಇದು ಯಾರದ್ದೂ ಅಲ್ವಲ್ಲ? ಮಂಡಿ ನೋವು."

"ಅಯ್ಯೋ, ಅದು ನನ್ನ... ನನ್ನ ಹೆಂಡತೀದು! ಟಾಯ್ಲೆಟ್‌ಗೆ ಹೋಗಿದಾಳೆ."

ಆ ಮಾತು ಬಾಯಿ ತಪ್ಪಿ ಬಂದದ್ದು. ಆದರೂ ನಾಲಿಗೆಗೆ ಸಿಹಿಯಾಗಿತ್ತು ಎನ್ನುವುದನ್ನು ಮುಚ್ಚಿಡುವುದೇಕೆ?

ಪಕ್ಕದಲ್ಲಿ ಐಸ್ ಪೆಟ್ಟಿಗೆಯ ಮೇಲೆ ಕಾಲು ಚಾಚಿ, ಚರ್ಚಿನಲ್ಲಿ ಕೊಟ್ಟ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಅರ್ನೆಸ್ಟೀನ್ ಇದನ್ನು ಕೇಳಿಸಿಕೊಂಡಳು. ಐದೂವರೆಗೆ ವಿಚಾರಣೆ ಶುರುವಾಯಿತು.

"ಏನಣ್ಣಾ, ಹೆಂಡತಿ ಇನ್ನೂ ಬರಲಿಲ್ಲ?"

"ಕ್ಯೂ ಇರಬೇಕಕ್ಕ."

ಆರಕ್ಕೆ ಮತ್ತೆ: "ಕ್ಯೂ ಅಂತೆ ಕ್ಯೂ! ನಾನೇ ಹೋಗಿ ಬಂದೆ, ಅಲ್ಲಿ ಒಂದು ನೊಣಾನೂ ಇಲ್ಲ. ಈ ಸೆಕೇಲಿ ತಲೆ ತಿರುಗಿ ಬಿದ್ದಿದ್ರೆ? ಹೆಂಡತಿ ಕಾಣ್ತಿಲ್ಲ, ನೀನು ಗುಂಡುಕಲ್ಲಿನ ಹಾಗೆ ಕೂತಿದೀಯಲ್ಲ, ಎಂಥ ಗಂಡಸಯ್ಯಾ!"

ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಹಳದಿ ಅಂಗಿಯ ಸ್ವಯಂಸೇವಕಿಯೊಬ್ಬಳನ್ನು ಎಳೆದುಕೊಂಡೇ ಬಂದಳು.

"ನೋಡೋಕೆ ಹೇಗಿದಾರೆ ಸರ್?" ಎಂದು ಆ ಹುಡುಗಿ ಪೆನ್ನು ತೆಗೆದಳು.

ಇಲ್ಲದ ಹೆಂಡತಿಗೆ ಯಾವ ರೂಪ ಕೊಡುವುದು? ವಾರದಿಂದ ಅವನ ಕಣ್ಣ ಮುಂದೆ ಇದ್ದದ್ದು ಒಂದೇ ಮುಖ. "ಬಿಳಿ ಕೂದಲು, ಹತ್ತಿ ಹಾಗೆ. ನಕ್ಕರೆ ಮುಂದಿನ ಹಲ್ಲಲ್ಲಿ ಸಂದು. ಚೆನ್ನಾಗಿದಾಳೆ."

"ಚೆನ್ನಾಗಿದಾರೆ ಅಂತಾನೂ ಬರ್ಕೊಳ್ಳಲಾ?"

"ಬರ್ಕೊಳ್ಳಮ್ಮ."

ಹಾಡು ನಿಂತಿತು. ಎಲ್ರಾಯ್ ಗೇನ್ಸ್ ಅವರ ಹೆಂಡತಿ ಟಾಯ್ಲೆಟ್‌ಗೆ ಹೋಗಿ ಕಾಣೆಯಾಗಿದ್ದಾರೆಂದು, ಬಿಳಿಗೂದಲು, ಹಲ್ಲಿನ ಸಂದು, ಚೆನ್ನಾಗಿರುವುದು ಎಲ್ಲ ಸಮೇತ ಮೈಕಿನಲ್ಲಿ ಸಾರಿದರು. ಕುಣಿಯುತ್ತಿದ್ದವರು ಕುಣಿತ ಬಿಟ್ಟು ಹುಡುಕಲು ಹೊರಟರು. ಮಂಡಿ ನೋವಿನ ಆಳೂ ಕುಂಟುತ್ತ ಪೊದೆಗಳನ್ನು ಜಾಲಾಡತೊಡಗಿದ. ಎಲ್ರಾಯ್ ಮಾತ್ರ ಭೂಮಿ ಬಾಯಿಬಿಡಬಾರದೇ ಎಂದು ಕೂತಿದ್ದ. ವರ್ನೀತಾ ಬರದಿದ್ದರೆ ಅವನ ಆಸೆ ಮುಗಿಯಿತು. ಬಂದು ಇದನ್ನು ಕೇಳಿಸಿಕೊಂಡಿದ್ದರೂ ಮುಗಿಯಿತು.

ಏಳೂವರೆಗೆ, ಇನ್ನೊಂದೇ ಹಾಡು ಉಳಿದಿದೆ ಎನ್ನುವಾಗ, ವರ್ನೀತಾ ಬಂದಳು. ಬರಿಗಾಲು, ಬೂಟು ಕೈಯಲ್ಲಿ, ಮೈಯೆಲ್ಲ ಬೆವರು.

"ಗೇಟಿಗೆ ಕಾಲಿಡ್ತಿದ್ದ ಹಾಗೇ ಮೈಕಲ್ಲಿ ಕೇಳಿಸ್ತು. ಪಾರ್ಕಿನ ಎಲ್ಲಾ ಟಾಯ್ಲೆಟ್ ಬಾಗಿಲೂ ಬಡಿದೆ, ಸಿಗಲಿಲ್ಲ ನಿಮ್ಮ ಹೆಂಡತಿ" ಎಂದು ಏದುಸಿರು ಬಿಟ್ಟಳು. "ಮದುವೆ ಆಗಿದೆ ಅಂತ ಹೋದ ವಾರ ನೀವು ಹೇಳಲೇ ಇಲ್ಲ. ಇರಲಿ, ಆಕೆ ಏನು ತಪ್ಪು ಮಾಡಿದಾಳೆ, ಪಾಪ. ಆದ್ರೆ ಜನ ನೋಡಿ, ಆರು ಮಂದಿ ನನ್ನನ್ನೇ ಹಿಡಿದು, ನೀವೇನಾ ಅಂತಾರೆ! ಅಲ್ಲಪ್ಪಾ, ನಾನೂ ಅವರನ್ನೇ ಹುಡುಕ್ತಿದೀನಿ ಅಂದೆ."

ಎಲ್ರಾಯ್ ಖಾಲಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ಹೆಂಡತಿ ಇಲ್ಲ ವರ್ನೀತಾ. ಯಾವತ್ತೂ ಇರಲಿಲ್ಲ. ಕುರ್ಚಿ ಉಳಿಸಿಕೊಳ್ಳೋಕೆ ಸುಳ್ಳು ಹೇಳಿದೆ. ಇದು ನಿಮಗೇ ಅಂತ ತಂದದ್ದು."

ಅವಳು ಕುರ್ಚಿಯನ್ನು ನೋಡಿದಳು, ಅವನನ್ನು ನೋಡಿದಳು, ತನ್ನ ಬಿಳಿಗೂದಲನ್ನೊಮ್ಮೆ ಮುಟ್ಟಿಕೊಂಡಳು. ಮೆಲ್ಲಗೆ ಕೂತು, ಬಾಯ್ತುಂಬ ನಕ್ಕಳು.

ಹಲ್ಲಿನ ಸಂದು ಕಂಡದ್ದೇ ತಡ, ಅರ್ನೆಸ್ಟೀನ್ ಕೂಗಿದಳು. "ಸಿಕ್ಕಿದ್ಲು! ಎಲ್ಲಿ ಹಾಳಾಗಿ ಹೋಗಿದ್ದೆ ತಾಯಿ? ಈ ಮನುಷ್ಯ ಒಂದು ಗುಟುಕು ನೀರೂ ಕುಡೀದೆ ಕಾಯ್ತಿದಾನೆ!" ಪೊದೆಗಳಿಂದ, ಮರದ ಮರೆಗಳಿಂದ ಜನ ಓಡಿ ಬಂದು ಚಪ್ಪಾಳೆ ತಟ್ಟಿದರು. ಕೊನೆಯ ಹಾಡು ಮತ್ತೆ ಒಂದಾದ ಗಂಡಹೆಂಡಿರಿಗೆ ಎಂದು ವೇದಿಕೆಯಿಂದ ಸಾರಿದರು. ಎಲ್ಲರೂ ಸರಿದು ನಡುವೆ ಜಾಗ ಬಿಟ್ಟರು.

ಎಲ್ರಾಯ್ ಎದ್ದು ಕೈ ಚಾಚಿದ. ವರ್ನೀತಾ ಆ ಕೈ ಹಿಡಿದು ಏಳಲು ನೋಡಿ, ಹಾಗೇ ಕುರ್ಚಿಗೆ ಬಿದ್ದಳು. ಪಾರ್ಕಿನ ಟಾಯ್ಲೆಟ್ಟುಗಳನ್ನೆಲ್ಲ ಸುತ್ತಿ ಅವಳ ಪಾದಗಳು ಪೂರಿಯಂತೆ ಊದಿದ್ದವು.

"ಆಗಲ್ಲ ಎಲ್ರಾಯ್."

ಅವನೂ ಕೂತ. ಇಬ್ಬರೂ ಕೂತಿದ್ದಂತೆಯೇ ಹಾಡು ಮುಗಿದು, ಬೇಸಿಗೆಯೂ ಮುಗಿಯಿತು. ಹಿಡಿದ ಕೈಯನ್ನು ಮಾತ್ರ ಅವಳು ಬಿಟ್ಟಿರಲಿಲ್ಲ.

"ಇಷ್ಟು ಹೊತ್ತು ಕಾಯಿಸಿದ್ದಲ್ಲದೆ, ಗಂಡ ಕರೆದ್ರೆ ಎದ್ದೂ ಬರಲ್ಲ!" ಅರ್ನೆಸ್ಟೀನ್ ಊರಿಗೆಲ್ಲ ಕೇಳುವಂತೆ ಹೇಳಿದಳು. "ಇಂಥ ಹೆಂಡತೀನ ನಾನು ಎಲ್ಲೂ ಕಂಡಿಲ್ಲಮ್ಮ."

ವರ್ನೀತಾ ಅವನ ಕಿವಿಯ ಹತ್ತಿರ ಬಾಗಿದಳು.

"ಸುಳ್ಳು ಹೇಳಿದ್ದು ನೀವು, ಬೈಸಿಕೊಂಡಿದ್ದು ನಾನು. ಇದಕ್ಕೇ ಅಲ್ವಾ ಜನ ಮದುವೆ ಅನ್ನೋದು?"